ಕೆಲಸಕ್ಕೆ ಬಾರದ ಕೆಲಸ

ಮದುವೆಗೆ ಗಂಡು ಹೆಣ್ಣು ಹುಡುಕುವವರು ಕೊಡುವ ಕಾಗದದಲ್ಲಿ, ನೌಕರಿಗೆ ಹಾಕುವ ಅರ್ಜಿಯಲ್ಲಿ, ಒಂದು ಜಾಗವನ್ನು ತಪ್ಪದೆ ಬಿಟ್ಟಿರುತ್ತಾರೆ: ‘ಹವ್ಯಾಸಗಳು’ ಎಂದು. ಗೋತ್ರ, ನಕ್ಷತ್ರ, ಸಂಬಳಗಳ ವಿಚಾರವೆಲ್ಲ ಮುಗಿದ ಮೇಲೆ, ಊಟವಾದ ಮೇಲೆ ಎಲೆಅಡಿಕೆ ಕೊಡುವಂತೆ, ಕೊನೆಯಲ್ಲಿ ಬರುವ ಪ್ರಶ್ನೆ ಇದು. ಉತ್ತರವೂ ಹೆಚ್ಚುಕಡಮೆ ಎಲ್ಲರದೂ ಒಂದೇ: ಪುಸ್ತಕ ಓದುವುದು, ಸಂಗೀತ ಕೇಳುವುದು. ಹೀಗೆ ಬರೆದವರೆಲ್ಲ ನಿಜವಾಗಿಯೂ ಪುಸ್ತಕ ಕೊಂಡು ಓದಿದ್ದರೆ ಕನ್ನಡದ ಪ್ರಕಾಶಕರು ಇಷ್ಟು ಹೊತ್ತಿಗೆ ಮಹಡಿಯ ಮೇಲೆ ಮಹಡಿ ಕಟ್ಟಿಸಿರುತ್ತಿದ್ದರು.

ನನ್ನ ವೃತ್ತಿ ಕಂಪ್ಯೂಟರಿಗೆ ಪ್ರೋಗ್ರಾಮು ಬರೆಯುವುದು. ಹಾಗೆಂದ ಕೂಡಲೇ ಕೇಳಿದವರ ಮುಖದಲ್ಲಿ ಕನಿಕರ ಮೂಡುತ್ತದೆ. “ಪಾಪ, ದಿನವೆಲ್ಲ ಅಂಕಿಗಳ ಜೊತೆ ಹೆಣಗಾಟ. ಮನಸ್ಸಿಗೆ ಏನಾದರೂ ಹವ್ಯಾಸ ಇಟ್ಟುಕೊಳ್ಳಿ” ಎಂದು ಉಪದೇಶ ಮಾಡುತ್ತಾರೆ. ಕೆಲಸವೆಂದರೆ ಕಷಾಯ, ಹವ್ಯಾಸವೆಂದರೆ ಅದನ್ನು ಕುಡಿದ ಮೇಲೆ ಬಾಯಿಗೆ ಹಾಕಿಕೊಳ್ಳುವ ಬೆಲ್ಲದ ಚೂರು ಎಂದು ಅವರ ಭಾವನೆ. ನಾನು ಹಿಡಿದ ಹವ್ಯಾಸಗಳೆಲ್ಲ ಸುತ್ತಿ ಸುತ್ತಿ ನನ್ನ ಕೆಲಸದ ಬಾಗಿಲಿಗೇ ಬಂದು ನಿಲ್ಲುತ್ತವೆ ಎಂದರೆ ಅವರು ನಂಬುವುದಿಲ್ಲ.

ಸಂಗೀತವನ್ನೇ ತೆಗೆದುಕೊಳ್ಳಿ. ನಲವತ್ತು ದಾಟಿದ ಮೇಲೆ ನಾನು ಪಿಟೀಲು ಕಲಿಯಲು ಕುಳಿತೆ. ಎಲ್ಲ ಮಕ್ಕಳಂತೆ ನನಗೂ ಮೊದಲ ಪಾಠ ಮಾಯಾಮಾಳವಗೌಳ. ಆ ಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರೆಂದು ಸಂಪ್ರದಾಯ. ಒಂದು ದಿನ ಮೇಷ್ಟ್ರು, “ರಾಗದ ಹೆಸರಿನಲ್ಲೇ ಅದರ ನಂಬರಿದೆ, ಗೊತ್ತೇನು?” ಎಂದರು. ಕಟಪಯಾದಿ ಎಂಬ ಸೂತ್ರದಂತೆ ಒಂದೊಂದು ವ್ಯಂಜನಕ್ಕೂ ಒಂದೊಂದು ಅಂಕಿ. ‘ಮಾ’ ಎಂದರೆ 5, ‘ಯಾ’ ಎಂದರೆ 1. ತಿರುಗಿಸಿ ಓದಿದರೆ 15. ಮೇಳಕರ್ತ ರಾಗಗಳು 72. ಅವುಗಳಲ್ಲಿ ಮಾಯಾಮಾಳವಗೌಳ ಹದಿನೈದನೆಯದು. ಹಾಗೆಯೇ ಧೀರಶಂಕರಾಭರಣ 29, ಮೇಚಕಲ್ಯಾಣಿ 65. ಎರಡರ ನಡುವೆ ಸರಿಯಾಗಿ 36ರ ಅಂತರ. ಅಂದರೆ ಮಧ್ಯಮವೊಂದು ಬದಲಾಗಿದೆ, ಉಳಿದ ಸ್ವರಗಳೆಲ್ಲ ಅವೇ. ಹೆಸರಿನಿಂದ ನಂಬರು, ನಂಬರಿನಿಂದ ಸ್ವರಗಳು! 17ನೆಯ ಶತಮಾನದಲ್ಲಿ ಈ 72ರ ಚೌಕಟ್ಟನ್ನು ಕಟ್ಟಿದ ವೆಂಕಟಮಖಿಗೂ, ಆಮೇಲೆ ಹೆಸರುಗಳನ್ನು ಹೀಗೆ ಹೊಂದಿಸಿದ ಮಹನೀಯರಿಗೂ ಕುಳಿತಲ್ಲೇ ಕೈಮುಗಿದೆ. ಪ್ರೋಗ್ರಾಮಿನೊಳಗಿನ ಒಂದು ಸಣ್ಣ ವಸ್ತುವಿಗೆ ಅರ್ಥವಾಗುವಂಥ ಹೆಸರಿಡುವುದು ಎಷ್ಟು ಕಷ್ಟವೆಂದು ನನ್ನಂಥವರಿಗೆ ಗೊತ್ತು.

ಪುಸ್ತಕದ ಕಥೆಯೂ ಇದೇ. ಗಣಗಳನ್ನು ನೆನಪಿಡಲು ಹೈಸ್ಕೂಲಿನಲ್ಲಿ ಉರುಹೊಡೆಸಿದ ‘ಯಮಾತಾರಾಜಭಾನಸಲಗಂ’ ವಾಚಕರಿಗೆ ಮರೆತಿರಲಾರದು. ಮೊದಲ ಎಂಟು ಅಕ್ಷರಗಳಲ್ಲಿ ಯಾವುದರಿಂದ ಆರಂಭಿಸಿ ಮೂರು ಅಕ್ಷರ ತೆಗೆದುಕೊಂಡರೂ, ಆ ಅಕ್ಷರದ ಹೆಸರಿನ ಗಣವೇ ಸಿಕ್ಕುತ್ತದೆ. ‘ಯಮಾತಾ’ ಯಗಣ, ‘ಮಾತಾರಾ’ ಮಗಣ. ಎಂಟು ಗಣಗಳಿಗೆ ಮೂರರಂತೆ 24 ಅಕ್ಷರ ಬೇಕಾದ ಕಡೆ ಹತ್ತರಲ್ಲಿ ಸಂಸಾರ ತೂಗಿಸಿದ್ದಾರೆ. ಗುರುವಿಗೆ 1, ಲಘುವಿಗೆ 0 ಎಂದು ಬರೆದುಕೊಂಡರೆ ಇದು ನನ್ನ ವೃತ್ತಿಯ ಪಠ್ಯಪುಸ್ತಕದ ಲೆಕ್ಕವೇ.

ಈ ಗುರುಲಘುಗಳನ್ನು ನಾನು ಮತ್ತೆ ಕಂಡದ್ದು ಅಮೆರಿಕದ ಪ್ರಾಧ್ಯಾಪಕರೊಬ್ಬರ ಗ್ರಂಥದಲ್ಲಿ. ಸ್ಟ್ಯಾನ್‌ಫರ್ಡಿನ ಡೊನಾಲ್ಡ್ ಕನೂತ್ ‘ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್’ ಎಂಬ ಗ್ರಂಥವನ್ನು ಬರೆಯಲು ತೊಡಗಿದ್ದು 1962ರಲ್ಲಿ. ಮೊದಲ ಸಂಪುಟ ಅಚ್ಚಾದದ್ದು 1968ರಲ್ಲಿ. 2011ರಲ್ಲಿ ಬಂದ ನಾಲ್ಕನೆಯ ಸಂಪುಟದ ಮೊದಲ ಭಾಗದಲ್ಲಿ ನಮ್ಮ ಪಿಂಗಳನ ಛಂದಶ್ಶಾಸ್ತ್ರದ ಮಾತು ಬರುತ್ತದೆ.

ಇಂಥ ಗ್ರಂಥ ಬರೆದವರು ಗಂಟುಮೋರೆಯ ಪಂಡಿತರಿರಬೇಕು ಎಂದುಕೊಳ್ಳುವುದು ಸಹಜ. ಆದರೆ ಈ ಮಹಾನುಭಾವರ ಮೊದಲ ಬರಹಗಳಲ್ಲಿ ಒಂದು 1957ರಲ್ಲಿ, ಅವರಿಗೆ ಹತ್ತೊಂಬತ್ತು ವರ್ಷವಾಗಿದ್ದಾಗ, ‘ಮ್ಯಾಡ್’ ಎಂಬ ಹಾಸ್ಯಪತ್ರಿಕೆಯಲ್ಲಿ ಬಂದದ್ದು. ಅದರಲ್ಲಿ ಅವರು ಹೊಸ ಅಳತೆಯ ಪದ್ಧತಿಯೊಂದನ್ನು ಸ್ಥಾಪಿಸಿದರು. ಉದ್ದದ ಮೂಲಮಾನ ಅದೇ ಪತ್ರಿಕೆಯ ಒಂದು ಸಂಚಿಕೆಯ ದಪ್ಪ! 1977ರಲ್ಲಿ ಹಾಡುಗಳ ಜಟಿಲತೆಯನ್ನು ಕುರಿತು ಪ್ರಬಂಧ ಬರೆದು, ಪಲ್ಲವಿ ಇರುವ ಹಾಡನ್ನು ನೆನಪಿಡಲು ಕಡಮೆ ಜಾಗ ಸಾಕೆಂದು ಗಣಿತದ ಗಾಂಭೀರ್ಯದಿಂದ ಸಾಧಿಸಿದರು. ಅದನ್ನು ಓದಿದಾಗ ನನಗೆ ನೆನಪಾದದ್ದು, ಒಂದೇ ನಾಮವನ್ನು ಹಿಡಿದು ರಾತ್ರಿಯೆಲ್ಲ ಹಾಡುವ ನಮ್ಮ ಅಖಂಡ ಭಜನೆ. ಅವರ ಮನೆಯಲ್ಲಿ ಪೈಪ್ ಆರ್ಗನ್ ವಾದ್ಯವಿದೆ. 2018ರ ಜನವರಿ 10ರಂದು, ಅವರಿಗೆ ಎಂಬತ್ತು ತುಂಬಿದ ದಿನ, ಅವರೇ ರಚಿಸಿದ ದೀರ್ಘ ಕೃತಿಯೊಂದನ್ನು ಸ್ವೀಡನ್ನಿನಲ್ಲಿ ಮೊದಲ ಬಾರಿಗೆ ನುಡಿಸಿದರು.

ನಮ್ಮ ಕಸುಬಿನವರ ಹಾಸ್ಯಕ್ಕೆ ಇನ್ನೊಂದು ನಿದರ್ಶನ ಕೊಡುತ್ತೇನೆ. 1990ರ ಏಪ್ರಿಲ್ 1ರಂದು, ಇಂಟರ್ನೆಟ್ಟಿನ ನಿಯಮಗಳನ್ನು ಪ್ರಕಟಿಸುವ ಸಾಲಿನಲ್ಲಿ, 1149ನೆಯ ಕ್ರಮಾಂಕದಲ್ಲಿ, ಪಾರಿವಾಳಗಳ ಮೂಲಕ ಸಂದೇಶ ಸಾಗಿಸುವ ವಿಧಾನವೊಂದು ಅಚ್ಚುಕಟ್ಟಾಗಿ ಪ್ರಕಟವಾಯಿತು. ನಕ್ಕು ಸುಮ್ಮನಾಗಬಹುದಿತ್ತು. ನಾರ್ವೆಯ ಬರ್ಗೆನ್ ಪಟ್ಟಣದ ಹವ್ಯಾಸಿಗಳು ಸುಮ್ಮನಾಗಲಿಲ್ಲ. 2001ರಲ್ಲಿ ಪಾರಿವಾಳಗಳನ್ನು ತಂದು ಪ್ರಯೋಗ ಮಾಡಿಯೇ ಬಿಟ್ಟರು. ಒಂಬತ್ತು ಸಂದೇಶ ಕಳಿಸಿದರೆ ನಾಲ್ಕಕ್ಕೆ ಉತ್ತರ ಬಂತು. ಬೇಗ ಬಂದದ್ದಕ್ಕೇ ಮುಕ್ಕಾಲು ಗಂಟೆಯ ಮೇಲಾಗಿತ್ತು.

ಕನ್ನಡದಲ್ಲೂ ಇಂಥವರಿಗೆ ಕೊರತೆಯಿರಲಿಲ್ಲ. 1942ರಲ್ಲಿ ‘ಕೊರವಂಜಿ’ಯನ್ನು ಆರಂಭಿಸಿ 25 ವರ್ಷ ನಾಡನ್ನು ನಗಿಸಿದ ರಾ.ಶಿ. ವೃತ್ತಿಯಿಂದ ವೈದ್ಯರು. ‘ಹಸಿರು ಹೊನ್ನು’ ಬರೆದ ಬಿ.ಜಿ.ಎಲ್. ಸ್ವಾಮಿಯವರು ಸಸ್ಯವಿಜ್ಞಾನದ ಪ್ರಾಧ್ಯಾಪಕರು. ಆ ಪುಸ್ತಕದಲ್ಲಿ ಸಸ್ಯಶಾಸ್ತ್ರ ಎಲ್ಲಿ ಮುಗಿಯಿತು, ನಗು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ನನ್ನಿಂದಾಗಿಲ್ಲ.

ಇಷ್ಟೆಲ್ಲ ಹೇಳಿದ್ದಕ್ಕೆ ಕಾರಣವಿದೆ. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂತು. ಅಲ್ಲಿಂದೀಚೆಗೆ, ನಾನು ಬೆಳಗಿನಿಂದ ಸಂಜೆಯವರೆಗೆ ಕುಳಿತು ಬರೆಯುತ್ತಿದ್ದ ಪ್ರೋಗ್ರಾಮನ್ನು ಯಂತ್ರ ನನ್ನ ಕಾಫಿ ಆರುವುದರೊಳಗೆ ಬರೆದು ಮುಂದಿಡುತ್ತದೆ. ನೋಡಬೇಕಾಗುತ್ತದೆ, ತಿದ್ದಬೇಕಾಗುತ್ತದೆ, ಆದರೂ ಬರೆಯುತ್ತದೆ. ಬ್ಯಾಂಕಿನಲ್ಲಿ ಸಾಲ ಮಾಡಿ ಇಂಜಿನಿಯರಿಂಗ್ ಓದಿ ಹೊಸದಾಗಿ ನಮ್ಮಲ್ಲಿಗೆ ಸೇರಿದ ಹುಡುಗಿಯೊಬ್ಬಳು ಒಂದು ಮಧ್ಯಾಹ್ನ, “ಸಾರ್, ಇದೇ ಇಷ್ಟು ಚೆನ್ನಾಗಿ ಬರೆಯೋದಾದ್ರೆ ನಾವು ಕಷ್ಟಪಟ್ಟು ಕಲಿತದ್ದು ಯಾಕೆ?” ಎಂದು ಕೇಳಿದಳು.

ಆ ಪ್ರಶ್ನೆಯಲ್ಲಿ ಅರ್ಧ ಸಂಬಳದ ಭಯ. ಆ ಅರ್ಧಕ್ಕೆ ನನ್ನಲ್ಲಿ ಉತ್ತರವಿಲ್ಲ. ನನಗೂ ಅದೇ ಭಯವುಂಟು. ಉಳಿದರ್ಧಕ್ಕೆ ಉತ್ತರ ನಮ್ಮ ಮನೆಯಲ್ಲೇ ಸಿಕ್ಕಿತ್ತು. ನನ್ನ ಹೆಂಡತಿ ಒಮ್ಮೆ, “ಅಲ್ಲಾರೀ, ಗುಂಡಿ ಒತ್ತಿದರೆ ಚೌಡಯ್ಯನವರ ಪಿಟೀಲು ಕೇಳುತ್ತೆ. ನೀವ್ಯಾಕೆ ದಿನಾ ಕುಯ್ತಾ ಕೂತ್ಕೋತೀರಿ?” ಎಂದಿದ್ದಳು. ನ್ಯಾಯವಾದ ಪ್ರಶ್ನೆ. ಮೈಸೂರು ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಹಾಕಿದರು. ನನಗೆ ಇರುವ ನಾಲ್ಕೇ ಹೆಚ್ಚು. ಆದರೆ ಕುಯ್ಯಲು ತೊಡಗಿದ ಮೇಲೆ ಚೌಡಯ್ಯನವರು ನನಗೆ ಬೇರೆಯಾಗಿ ಕೇಳಿಸುತ್ತಾರೆ. ಒಂದು ಜಾರು ಸರಿಯಾಗಿ ಬಂದು ನಿಲ್ಲಬೇಕಾದರೆ ಬೆರಳು ಎಷ್ಟು ಸವೆಯಬೇಕೆಂದು ಈಗ ಗೊತ್ತು. ಮೊದಲು ಕಿವಿಯಲ್ಲಿ ಮಾತ್ರ ಕೇಳುತ್ತಿದ್ದುದನ್ನು ಈಗ ಕೈಯಲ್ಲೂ ಕೇಳುತ್ತೇನೆ. ಅಲ್ಲದೆ, ನನ್ನ ಎಲೆಯ ಹೋಳಿಗೆಯನ್ನು ಇನ್ನೊಬ್ಬರು ಎಷ್ಟೇ ಚೆನ್ನಾಗಿ ತಿಂದರೂ ನನ್ನ ಹೊಟ್ಟೆ ತುಂಬುವುದಿಲ್ಲವಷ್ಟೆ.

ಪ್ರೋಗ್ರಾಮಿಗೂ ಈ ಮಾತು ಸಲ್ಲುತ್ತದೆ. ಒಂದು ಗಂಟನ್ನು ತಾನೇ ಕುಳಿತು ಬಿಡಿಸಿದವನಿಗೆ, ಯಂತ್ರ ಬರೆದದ್ದರಲ್ಲಿ ಜಾರಿರುವುದೆಲ್ಲಿ, ಸೊಗಸಾಗಿರುವುದೆಲ್ಲಿ ಎಂದು ಕಣ್ಣಿಗೆ ಬೀಳುತ್ತದೆ. ಬಿಡಿಸಿದಾಗಿನ ಸುಖವಂತೂ ಬಿಡಿಸಿದವನದೇ. ಆದ್ದರಿಂದಲೇ ನಾನು ಭಾನುವಾರಗಳಲ್ಲಿ, ಯಂತ್ರದ ನೆರವಿಲ್ಲದೆ, ಒಂದು ಪುಟ್ಟ ಪ್ರೋಗ್ರಾಮು ಬರೆಯುತ್ತಿದ್ದೇನೆ. ಕಂದಪದ್ಯ ಕೊಟ್ಟರೆ ಅದು ಗುರುಲಘು ಹಾಕಿ ಗಣ ವಿಂಗಡಿಸುತ್ತದೆ. ಶಿಥಿಲದ್ವಿತ್ವ ಬಂದ ಕಡೆ ಮಾತ್ರ ನನ್ನಂತೆಯೇ ತಲೆ ಕೆರೆದುಕೊಳ್ಳುತ್ತದೆ.

ಆ ಹುಡುಗಿಗೆ ಅದನ್ನು ತೋರಿಸಿದೆ.

“ಇದರಿಂದ ಏನು ಉಪಯೋಗ ಸಾರ್?”

“ಏನೂ ಇಲ್ಲಮ್ಮ” ಎಂದೆ.

ಅವಳು ನಕ್ಕು ಎದ್ದುಹೋದಳು. ಎರಡು ವಾರ ಕಳೆದ ಮೇಲೆ ತಾನಾಗಿಯೇ ಬಂದು, “ಸಾರ್, ಭಾಮಿನಿ ಷಟ್ಪದಿಗೂ ಆಗೋ ಹಾಗೆ ಮಾಡಿದೀನಿ, ನೋಡ್ತೀರಾ?” ಎಂದಳು. ನೋಡಿದೆ. ಮೊದಲೆರಡು ಸಾಲಿಗೆ 14 ಮಾತ್ರೆ, ಮೂರನೆಯದಕ್ಕೆ 23, ಸರಿಯಾಗಿ ಎಣಿಸುತ್ತಿತ್ತು. ಇದರಿಂದ ಅವಳ ಸಾಲದ ಕಂತು ಒಂದು ಕಾಸೂ ತೀರುವುದಿಲ್ಲ. ಆದರೂ ಯಾರೂ ಹೇಳದೆ, ಯಾರೂ ಸಂಬಳ ಕೊಡದೆ, ಎರಡು ಭಾನುವಾರ ಅದರ ಹಿಂದೆ ಬಿದ್ದಿದ್ದಳು. ಪ್ರೋಗ್ರಾಮು ಪೂರ್ತಿ ಓಡುವವರೆಗೂ ಅವಳು ತೆರೆಯಿಂದ ಕಣ್ಣು ಕೀಳಲಿಲ್ಲ.