ನಾಲ್ಕು ದೇಶಗಳಿಗೆ ಒಂದೇ ಟಿಕೇಟು



ಸ್ಮರಣ ಸಂಚಿಕೆಗಾಗಿ ಮುಖ್ಯೋಪಾಧ್ಯಾಯಿನಿಯಿಂದ ಪರೀಕ್ಷಾ ಫಲಿತಾಂಶವನ್ನೂ ಕಟ್ಟಡದ ವರ್ತಮಾನವನ್ನೂ ನಿರೀಕ್ಷಿಸುವುದು ವಾಡಿಕೆಯಾಗಿದೆ. ಅವೆರಡೂ ಬೇರೆ ಪುಟಗಳಲ್ಲಿ ಅಚ್ಚಾಗಿರುವುದರಿಂದ, 2025ನೆಯ ಇಸವಿಯ ಬೇಸಗೆಯ ರಜೆಯಲ್ಲಿ ನಾವು ನಾಲ್ವರು ಸಹಪಾಠಿನಿಯರು ಯುರೋಪು ಖಂಡದಲ್ಲಿ ಕೈಗೊಂಡ ರೈಲುಯಾತ್ರೆಯ ವಿಷಯವಾಗಿ ಬರೆಯಲು ಸಂಪಾದಕಿಯರು ಅಪ್ಪಣೆ ಕೊಟ್ಟಿದ್ದಾರೆ. ಆದರೆ ನಾನು ಯಾತ್ರೆಗಿಂತ ಅದರ ಸಿದ್ಧತೆಯನ್ನೇ ಹೆಚ್ಚಾಗಿ ಬರೆಯಬೇಕೆಂದಿದ್ದೇನೆ. ಊರುಗಳನ್ನು ವರ್ಣಿಸಿದವರು ಬಹುಮಂದಿ ಇದ್ದಾರೆ. ಹಣದ ಲೆಕ್ಕವನ್ನೂ ಆ ಲೆಕ್ಕದಲ್ಲಿ ತಾವು ಮಾಡಿದ ತಪ್ಪನ್ನೂ ಬರೆದವರು ವಿರಳ.

ನಾವು ನಾಲ್ವರೂ ಇದೇ ಶಾಲೆಯ ಹತ್ತನೆಯ ತರಗತಿಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತವರು. ಆ ಬೆಂಚಿನ ನೆತ್ತಿಯ ಮೇಲೆ, ಅಂಚು ಹರಿದು ಬಟ್ಟೆ ಹಚ್ಚಿದ ಯುರೋಪು ಖಂಡದ ಭೂಪಟವೊಂದು ತೂಗುತ್ತಿತ್ತು. ಅದರ ಮೇಲೆ ರೈಲುಮಾರ್ಗಗಳು ಇರುವೆಯ ಸಾಲಿನಂತೆ ಕಪ್ಪಾಗಿ ಕಾಣುತ್ತಿದ್ದುವು. ಒಂದು ದೇಶದಲ್ಲಿ ಮುಂಜಾನೆ ಗಾಡಿ ಹತ್ತಿ ಮಧ್ಯಾಹ್ನದೊಳಗೆ ಮತ್ತೊಂದು ದೇಶದಲ್ಲಿ ಇಳಿಯಬಹುದಂತೆ ಎಂಬ ಮಾತು ನಮಗೆ ಆಗ ಕಟ್ಟುಕಥೆಯಂತೆ ತೋರುತ್ತಿತ್ತು. ದೊಡ್ಡವರಾದ ಮೇಲೆ ನಾಲ್ವರೂ ಕೂಡಿ ಹೋಗತಕ್ಕದ್ದೆಂದು ಮಾತು ಕೊಟ್ಟುಕೊಂಡೆವು. ಹುಡುಗಿಯರ ಮಾತುಗಳು ಎಷ್ಟೋ ಮರೆತುಹೋಗುತ್ತವೆ. ಇದೊಂದು ಹೇಗೋ ಉಳಿಯಿತು.

ಈಗ ನಮ್ಮಲ್ಲೊಬ್ಬಳು ಬೆಂಗಳೂರಿನಲ್ಲಿ ಬ್ಯಾಂಕಿನ ಅಧಿಕಾರಿಣಿ. ಇನ್ನೊಬ್ಬಳು ದಾದಿಯ ತರಬೇತಿ ಪಡೆದು ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕಿದ್ದಾಳೆ. ಮೂರನೆಯವಳು ನಮ್ಮೂರಿನಲ್ಲಿಯೇ ಹೊಲಿಗೆಯ ಅಂಗಡಿಯನ್ನಿಟ್ಟು ಇಬ್ಬರು ಮಕ್ಕಳನ್ನು ಒಂಟಿಯಾಗಿ ಸಾಕಿದವಳು; ನಿಮ್ಮಲ್ಲನೇಕರ ಸಮವಸ್ತ್ರಗಳು ಅವಳ ಕೈಯಿಂದಲೇ ಬಂದಿರುವುವು. ನಾಲ್ಕನೆಯವಳು ನಾನು. ಗಣಿತ ಕಲಿಸಿ ಬೆಳೆದವಳಾದುದರಿಂದ ಯೋಜನೆಯ ಭಾರವನ್ನು ಯಾರೂ ಕೇಳದೆಯೇ ಹೊತ್ತುಕೊಂಡೆ.

ಒಂದು ವರುಷ ಮೊದಲೇ ಆರಂಭಿಸಿದೆ. ಮೊದಲು ತಿಳಿದುಕೊಂಡದ್ದು ಯೂರೇಲ್ ಪಾಸಿನ ಸಂಗತಿ. ಯುರೋಪಿನ ಹೊರಗೆ ವಾಸಿಸುವವರಿಗೆಂದು ಇದು 1959ರಲ್ಲಿ ಹುಟ್ಟಿತು. ಅಲ್ಲಿಯೇ ವಾಸಿಸುವವರಿಗೆ ಇಂಟರ್‌ರೇಲ್ ಎಂಬ ಬೇರೆ ಪಾಸು 1972ರಲ್ಲಿ ಬಂದಿತು. ಒಂದೇ ಪಾಸಿನಿಂದ 33 ದೇಶಗಳ ಗಾಡಿಗಳನ್ನು ಏರಬಹುದು. ತಿಂಗಳೊಂದರಲ್ಲಿ ನಾಲ್ಕು ದಿನ, ಐದು ದಿನ, ಏಳು ದಿನ ಎಂದು ಪ್ರಯಾಣದ ದಿನಗಳನ್ನು ಕೊಂಡು, ಬೇಕಾದ ದಿನ ಉಪಯೋಗಿಸಬಹುದು. ರಾತ್ರಿಯ ಗಾಡಿಯಾದರೆ ಹತ್ತಿದ ದಿನವೊಂದೇ ಲೆಕ್ಕಕ್ಕೆ ಸೇರುವುದು. ಇದನ್ನೋದಿದಾಗ ನನಗಾದ ಹರ್ಷವನ್ನು ಏನೆಂದು ಹೇಳಲಿ! ಪ್ಯಾರಿಸ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್, ಕಲೋನ್, ಬಾಸೆಲ್, ಮಿಲಾನ್, ವೆನಿಸ್, ವಿಯೆನ್ನಾ ಎಂದು ಹದಿನೈದು ದಿನಗಳಲ್ಲಿ ಏಳು ದೇಶಗಳನ್ನು ಪೋಣಿಸಿದೆ.

ಆಳಕ್ಕಿಳಿದಂತೆ ತೊಡಕುಗಳು ಕಾಣಿಸಿಕೊಂಡುವು. ಪಾಸನ್ನು ನಿರ್ಣಯಿಸುವುದು ರಾಷ್ಟ್ರೀಯತೆಯಲ್ಲ, ವಾಸಸ್ಥಳ. ಆದಕಾರಣ ನಮ್ಮ ದಾದಿ ಭಾರತದ ರಹದಾರಿಯವಳಾದರೂ ಇಂಟರ್‌ರೇಲನ್ನೇ ಕೊಳ್ಳಬೇಕು. ಆ ಪಾಸು ಅವಳು ವಾಸಿಸುವ ಜರ್ಮನಿಯೊಳಗೆ ಹೊರಗೆ ಹೋಗಲೊಮ್ಮೆ, ಹಿಂದಿರುಗಲೊಮ್ಮೆ ಮಾತ್ರ ನಡೆಯುವುದು. ಫ್ರಾನ್ಸಿನ ವೇಗದ ಗಾಡಿಗಳಲ್ಲಿ ಪಾಸಿದ್ದವರೂ ಆಸನಕ್ಕಾಗಿ ಪ್ರತ್ಯೇಕ ಹಣ ತೆರಬೇಕು. ರಾತ್ರಿಯ ಗಾಡಿಯಲ್ಲಿ ಮಲಗುವ ಹಲಗೆಗೆ ಮತ್ತೆ ಬೇರೆ. ಆಲ್ಪ್ಸ್ ಶಿಖರಗಳನ್ನೇರುವ ಗಾಡಿಗಳಲ್ಲಿ ಕೆಲವಕ್ಕೆ ರಿಯಾಯಿತಿಯಷ್ಟೆ ಹೊರತು ಪಾಸು ಸಲ್ಲುವುದಿಲ್ಲ. ನಾನು ಇವೆಲ್ಲವನ್ನೂ ಕಾಲಂ ಹಾಕಿ ಬರೆದು ಕೂಡಿಸಿದಾಗ ತಲೆಗೆ 2,80,000 ರೂಪಾಯಿಗಳಾದುವು. ಏಳು ದೇಶಗಳಿಗೆ ಇದು ಮಿತವ್ಯಯವೇ ಸರಿ ಎಂದು ನನಗೆ ನಾನೇ ಶಹಬಾಸ್ ಹೇಳಿಕೊಂಡು ಮೂವರಿಗೂ ಕಳುಹಿಸಿದೆ.

ಬ್ಯಾಂಕಿನವಳು ಒಪ್ಪಿದಳು. ದಾದಿ ಏನೋ ಯೋಚಿಸುವೆನೆಂದಳು. ಹೊಲಿಗೆಯವಳು "ಚೆನ್ನಾಗಿದೆ" ಎಂದು ಒಂದೇ ಮಾತು ಬರೆದಳು. ಆ ಒಂದು ಮಾತನ್ನು ನಾನು ಸಮ್ಮತಿಯೆಂದು ಎಣಿಸಿದೆ.

ಮುಂದೆ ವೀಸಾದ ಪ್ರಕರಣ. ಷೆಂಗೆನ್ ಒಪ್ಪಂದದ 29 ದೇಶಗಳಿಗೆ ಒಂದೇ ವೀಸಾ ಸಾಕು. ಶುಲ್ಕ 90 ಯೂರೋ. ಹೆಚ್ಚು ದಿನ ತಂಗುವ ದೇಶಕ್ಕೆ ಅರ್ಜಿ ಹಾಕಬೇಕು. ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಇರಬೇಕು. ಇವುಗಳ ಜೊತೆಗೆ ಕಳೆದ ಕೆಲವು ತಿಂಗಳುಗಳ ಬ್ಯಾಂಕಿನ ಲೆಕ್ಕಪತ್ರವನ್ನೂ ತೋರಿಸಬೇಕು. ಎಲ್ಲರ ಕಾಗದಗಳನ್ನೂ ಕ್ರಮವಾಗಿ ಜೋಡಿಸಿಕೊಡುವ ಉತ್ಸಾಹದಲ್ಲಿ, ಪ್ರತಿಯೊಬ್ಬರೂ ತಮ್ಮ ಲೆಕ್ಕಪತ್ರವನ್ನು ನನಗೆ ಕಳುಹಿಸತಕ್ಕದ್ದೆಂದು ಶಾಲೆಯ ಸುತ್ತೋಲೆಯ ಧಾಟಿಯಲ್ಲಿ ಬರೆದೆ. ಮಾರನೆಯ ದಿನವೇ ಹೊಲಿಗೆಯ ಗೆಳತಿಯಿಂದ ಉತ್ತರ ಬಂದಿತು: ಮೊಣಕಾಲು ನೋವು ಹೆಚ್ಚಾಗಿದೆ, ವೈದ್ಯರು ದೂರದ ಪ್ರಯಾಣ ಬೇಡವೆಂದಿದ್ದಾರೆ, ನೀವು ಮೂವರೂ ಸುಖವಾಗಿ ಹೋಗಿಬನ್ನಿ.

ಆ ಸಂಜೆ ಅವಳ ಅಂಗಡಿಗೆ ಹೋದೆ. ನೋವಿನ ಮೊಣಕಾಲಿನವಳು ಕಾಲಿನಿಂದ ಯಂತ್ರವನ್ನು ಸರಾಗವಾಗಿ ತುಳಿಯುತ್ತಿದ್ದಳು! ನಾನು ಬಾಗಿಲಲ್ಲಿ ನಿಂತದ್ದನ್ನು ಕಂಡು ತುಳಿಯುವುದನ್ನು ನಿಲ್ಲಿಸಿದಳು. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಆಮೇಲೆ ಅವಳು, ಗುಂಡಿಯ ಡಬ್ಬಿಯನ್ನು ಸರಿಮಾಡುತ್ತ, "ನಿನ್ನ ಪಟ್ಟಿಯಲ್ಲಿ ಎಲ್ಲಾ ಊರೂ ಇತ್ತು. ನಾನು ಎಷ್ಟು ಕೂಡಿಟ್ಟಿದ್ದೇನೆಂದು ಕೇಳುವ ಕಾಲಮ್ಮು ಇರಲಿಲ್ಲ" ಎಂದಳು.

ಈ ಮಾತು ನನ್ನನ್ನು ಗೆಳತಿಯಾಗಿ ನೋಯಿಸಿದ್ದಕ್ಕಿಂತ ಉಪಾಧ್ಯಾಯಿನಿಯಾಗಿ ಹೆಚ್ಚು ನೋಯಿಸಿತು. ಕಾರಣವನ್ನು ನಿಮ್ಮೆದುರಿಗೆ ಹೇಳಲೇಬೇಕು. ಪ್ರತಿವರುಷ ಶಾಲಾ ಪ್ರವಾಸದ ಹಣ ಕಟ್ಟುವ ವಾರದಲ್ಲಿ ಕೆಲವು ಹುಡುಗಿಯರಿಗೆ ಜ್ವರ ಬರುವುದುಂಟು. ಕೆಲವರ ಮನೆಯಲ್ಲಿ ಅದೇ ದಿನ ಮದುವೆಯಿರುವುದುಂಟು. ಕೆಲವರಿಗೆ ಬಸ್ಸಿನ ಪ್ರಯಾಣ ಒಗ್ಗುವುದಿಲ್ಲ. ನಾನು ಅವುಗಳನ್ನೆಲ್ಲ ಹಾಜರಿ ಪುಸ್ತಕದಲ್ಲಿ ಬರೆದಂತೆಯೇ ನಂಬಿದ್ದೆನು, ಅಥವಾ ನಂಬಿದಂತೆ ನಟಿಸಿದ್ದೆನು. ಊರನ್ನು ಮೊದಲು ಗೊತ್ತುಮಾಡಿ, ಖರ್ಚನ್ನು ಆಮೇಲೆ ಭಾಗಿಸಿ, ಕೊಡಲಾರದವರನ್ನು ತಾವಾಗಿಯೇ ಹಿಂದೆ ಸರಿಯುವಂತೆ ಮಾಡುವ ಆ ಲೆಕ್ಕವನ್ನೇ ನನ್ನ ಬೆಂಚಿನ ಗೆಳತಿಯ ಮೇಲೂ ಪ್ರಯೋಗಿಸಿದ್ದೆ.

ಅಂದು ಅಂಗಡಿಯಲ್ಲಿಯೇ ಹೊಲಿಗೆಯ ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಲೆಕ್ಕವನ್ನು ತಿರುಗಿಸಿ ಹಾಕಿದೆವು. ಚೀಟಿಯ ಹಣವೂ ಸೇರಿ ಅವಳ ಬಳಿ 1,50,000 ರೂಪಾಯಿಗಳಿದ್ದುವು. ಅದಕ್ಕೆ ಮೇಲೆ ಒಂದು ಕಾಸನ್ನೂ ಯಾರಿಂದಲೂ ತೆಗೆದುಕೊಳ್ಳುವುದಿಲ್ಲವೆಂದು ಅವಳು ಖಡಾಖಂಡಿತವಾಗಿ ಹೇಳಿದಳು. ಹಾಗಾದರೆ ಎಲ್ಲರಿಗೂ ಅದೇ ಮಿತಿಯೆಂದು ನಾನು ಬರೆದೆ. "ನೀನು ಮುಖ್ಯವಾಗಿ ಏನನ್ನು ನೋಡಬೇಕು?" ಎಂದು ಕೇಳಿದೆ. ಇದನ್ನೂ ನಾನು ಅದುವರೆಗೆ ಕೇಳಿರಲಿಲ್ಲ. ಅವಳು ತಡಮಾಡದೆ, "ಕಿಟ್ಟೆಲರ ಊರು" ಎಂದಳು. ಶಾಲೆಯಲ್ಲಿ ಕನ್ನಡದ ಪಾಠಕ್ಕೆ ಪುಸ್ತಕಾಲಯದಿಂದ ಕಿಟ್ಟೆಲರ ನಿಘಂಟನ್ನು ಎತ್ತಿಕೊಂಡು ಬರುವ ಕೆಲಸ ಅವಳದಾಗಿತ್ತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ಹೊತ್ತಗೆಯ ಭಾರವನ್ನು ಎತ್ತಿದವರೇ ಬಲ್ಲರು.

ದಾದಿಗೆ ಈ ವರ್ತಮಾನ ತಿಳಿಸಿದಾಗ ಅವಳು ನಕ್ಕುಬಿಟ್ಟಳು. ಕಿಟ್ಟೆಲರು 1903ರಲ್ಲಿ ತೀರಿಕೊಂಡ ಟ್ಯೂಬಿಂಗೆನ್ ಅವಳ ಮನೆಯಿಂದ ಗಾಡಿಯಲ್ಲಿ ಒಂದು ಗಂಟೆಯ ದಾರಿ. 1843ರಲ್ಲಿ ಮಂಗಳೂರ ಸಮಾಚಾರವನ್ನು ಹೊರಡಿಸಿದ ಮೋಗ್ಲಿಂಗರು 1881ರಲ್ಲಿ ತೀರಿಕೊಂಡ ಎಸ್ಲಿಂಗೆನ್ ಅದಕ್ಕಿಂತಲೂ ಸಮೀಪ, ಪಕ್ಕದ ಊರೇ ಸರಿ. "ನಾನು ದಿನವೂ ಕೆಲಸಕ್ಕೆ ಹೋಗುವ ಟಿಕೇಟಿನಲ್ಲಿಯೇ ಹೋಗಬಹುದಲ್ಲ" ಎಂದಳು. ಆ ಟಿಕೇಟೇ ನಮ್ಮ ಯಾತ್ರೆಯ ಕೀಲಿಕೈಯಾಯಿತು.

ಅದರ ಹೆಸರು ಡಾಯ್ಚ್‌ಲಾಂಡ್ ಟಿಕೇಟು. 2023ರ ಮೇ ತಿಂಗಳಲ್ಲಿ 49 ಯೂರೋಗಳಿಗೆ ಆರಂಭವಾಗಿ, 2025ರಲ್ಲಿ 58 ಯೂರೋಗಳಾಗಿತ್ತು. ನಮ್ಮ ಹಣದಲ್ಲಿ ಸುಮಾರು 5,500 ರೂಪಾಯಿ. ವೇಗದ ಗಾಡಿಗಳಿಗೆ ಅದು ಸಲ್ಲದು. ಆದರೆ ಜರ್ಮನಿಯ ಪ್ರಾಂತೀಯ ಗಾಡಿಗಳು, ನಗರದ ಟ್ರಾಮು, ಬಸ್ಸುಗಳೆಲ್ಲವೂ ಅದರಲ್ಲಿ ಸೇರುವುವು. ಹೊರಗಿನಿಂದ ಬಂದವರೂ ಕೊಳ್ಳಬಹುದು. ಗಡಿಯ ಕೆಲವು ನಿಲ್ದಾಣಗಳವರೆಗೂ ಅದು ನಡೆಯುತ್ತದೆ: ಸ್ವಿಜರ್ಲೆಂಡಿನ ಬಾಸೆಲ್ ನಗರದಲ್ಲಿರುವ ಬಾಡಿಷರ್ ನಿಲ್ದಾಣ, ಆಸ್ಟ್ರಿಯಾದ ಸಾಲ್ಸ್‌ಬರ್ಗ್. ಟ್ರಿಯರ್ ಪಟ್ಟಣದಾಚೆ ಲಕ್ಸೆಂಬರ್ಗ್ ದೇಶದಲ್ಲಂತೂ 2020ರಿಂದ ಎರಡನೆಯ ದರ್ಜೆಯ ಪ್ರಯಾಣಕ್ಕೆ ಟಿಕೇಟೇ ಇಲ್ಲ. ಹೀಗೆ ಒಂದು ಟಿಕೇಟಿಗೆ ನಾಲ್ಕು ದೇಶಗಳು! ಅದು ಪಂಚಾಂಗದ ತಿಂಗಳಿಗೆ ಸಲ್ಲುವ ಟಿಕೇಟು. ನಾನು ಮೊದಲು ಗೊತ್ತುಮಾಡಿದ್ದಂತೆ ಏಪ್ರಿಲ್ ಕೊನೆಯ ವಾರದಲ್ಲಿ ಹೊರಟಿದ್ದರೆ ಎರಡು ತಿಂಗಳಿಗೆ ಹಣ ತೆರಬೇಕಾಗುತ್ತಿತ್ತು; ಮೇ ತಿಂಗಳೊಳಗೇ ಹೋಗಿಬರುವಂತೆ ದಿನಗಳನ್ನು ಸರಿಸಿದೆವು. ತಿಂಗಳು ತಿಂಗಳೂ ತಾನಾಗಿಯೇ ಮುಂದುವರಿಯುವ ಚಂದಾ ಅದಾದುದರಿಂದ, ಹತ್ತನೆಯ ತಾರೀಖಿನೊಳಗೆ ರದ್ದುಮಾಡಲು ಮರೆಯಬಾರದೆಂದು ದಾದಿ ಮೂರು ಬಾರಿ ಎಚ್ಚರಿಸಿದಳು.

ವಸತಿಗೆ ಗಡಿಯ ಸೂತ್ರವನ್ನೇ ಹಿಡಿದೆವು. ಬಾಸೆಲ್ ದುಬಾರಿ, ಟ್ರಾಮಿನಲ್ಲಿ ದಾಟಿದರೆ ಸಿಕ್ಕುವ ಜರ್ಮನಿಯ ವೈಲ್ ಆಮ್ ರೈನ್ ಅಷ್ಟು ದುಬಾರಿಯಲ್ಲ. ಸಾಲ್ಸ್‌ಬರ್ಗಿಗೆ ನದಿಯೀಚೆಯ ಫ್ರೈಲಾಸಿಂಗ್, ಲಕ್ಸೆಂಬರ್ಗಿಗೆ ಟ್ರಿಯರ್. ಉಳಿದ ರಾತ್ರಿಗಳಲ್ಲಿ ದಾದಿಯ ಮನೆಯ ನೆಲದ ಮೇಲೆ ಹಾಸಿಗೆ. ಇದರಿಂದ ಎಲ್ಲ ರಾತ್ರಿಗಳೂ ಜರ್ಮನಿಯಲ್ಲಿಯೇ ಕಳೆಯುವುದಾಗಿ, ಅರ್ಜಿಯನ್ನು ಯಾವ ದೇಶಕ್ಕೆ ಹಾಕಬೇಕೆಂಬ ಚರ್ಚೆಯೂ ತಪ್ಪಿತು. ವಿಮಾನಕ್ಕೆ 62,000, ವೀಸಾ ಮತ್ತು ವಿಮೆಗೆ 12,500, ಟಿಕೇಟಿಗೆ 5,500, ಐದು ರಾತ್ರಿಯ ವಸತಿಗೆ 19,000, ಊಟಕ್ಕೆ 28,500, ಕೂಡಿದರೆ 1,27,500. ಉಳಿದದ್ದು ಆಪತ್ಕಾಲಕ್ಕೆ.

ಲೆಕ್ಕಪತ್ರದ ತೊಡಕು ಮಾತ್ರ ಉಳಿಯಿತು. ಇದಕ್ಕೂ ದಾದಿಯೇ ದಾರಿ ಕಂಡಳು. ಜರ್ಮನಿಯಲ್ಲಿ ವಾಸಿಸುವವರು ತಮ್ಮ ಅತಿಥಿಯ ಖರ್ಚಿಗೆ ತಾವೇ ಹೊಣೆಯೆಂದು ಅಲ್ಲಿನ ವಿದೇಶೀಯರ ಕಚೇರಿಯಲ್ಲಿ 29 ಯೂರೋ ಕಟ್ಟಿ ಬರೆದುಕೊಡುವ ಪತ್ರವೊಂದುಂಟು. ಇದೇನೂ ಹಗುರವಾದ ಕಾಗದವಲ್ಲ. ಬರೆದುಕೊಟ್ಟವರ ಸಂಬಳವನ್ನು ನೋಡಿ ಕೊಡುವಂಥದು, ಅತಿಥಿಯ ಕಾಯಿಲೆ ಕಸಾಲೆಯ ಖರ್ಚು ಬಿದ್ದರೂ ಅವರಿಂದಲೇ ವಸೂಲಾಗತಕ್ಕದ್ದು. ಒಬ್ಬಳಿಗೆ ಮಾತ್ರ ಮಾಡಿದರೆ ಎದ್ದು ಕಾಣುವುದೆಂದು ದಾದಿ ಮೂವರಿಗೂ ಬರೆದುಕೊಟ್ಟಳು. ನಮ್ಮಿಬ್ಬರಿಗೆ ಅದರ ಅವಶ್ಯವಿರಲಿಲ್ಲ. ಹೊಲಿಗೆಯವಳಿಗೆ ಇದು ತಿಳಿಯದೆ ಹೋಗಿರಲಾರದು; ಆದರೆ ಅವಳೂ ಏನೂ ಹೇಳಲಿಲ್ಲ.

ಬ್ಯಾಂಕಿನವಳ ವ್ಯಥೆಯನ್ನು ಮುಚ್ಚಿಡುವುದು ನ್ಯಾಯವಲ್ಲ. ಪ್ಯಾರಿಸ್ ಇಲ್ಲದ ಯುರೋಪು ಬೆಲ್ಲವಿಲ್ಲದ ಹೋಳಿಗೆಯೆಂದು ಅವಳು ವಾದಿಸಿದಳು. ಇಪ್ಪತ್ತು ವರುಷ ದುಡಿದ ಹಣವನ್ನು ತನ್ನಿಷ್ಟದಂತೆ ಖರ್ಚುಮಾಡಬಾರದೇ ಎಂದು ಕೇಳಿದಳು. ಪ್ರಶ್ನೆ ಸರಿಯಾದದ್ದೇ, ನನ್ನಲ್ಲಿ ಉತ್ತರವಿರಲಿಲ್ಲ. ಒಂದು ವಾರ ಮಾತು ಬಿಟ್ಟಿದ್ದು, ಕೊನೆಗೆ ಬಂದಳು. ಇಂದಿಗೂ ಪ್ಯಾರಿಸಿನ ಮಾತೆತ್ತಿದರೆ ನನ್ನ ಕಡೆ ನೋಡುತ್ತಾಳೆ.

ಕಾಲಪಟ್ಟಿಯ ವಿಷಯದಲ್ಲಿ ನನ್ನ ಜಂಬ ಇನ್ನೊಮ್ಮೆ ಇಳಿಯಿತು. ಕುಕ್ ಕಂಪನಿಯವರು 1873ರಿಂದ 2013ರ ವರೆಗೆ ಯುರೋಪಿನ ಗಾಡಿಗಳ ವೇಳೆಯನ್ನು ಪುಸ್ತಕವಾಗಿ ಅಚ್ಚುಹಾಕುತ್ತಿದ್ದರಂತೆ. ಈಗ ಎಲ್ಲವೂ ದೂರವಾಣಿಯ ತೆರೆಯ ಮೇಲೆ ಸಿಕ್ಕುವುದು. ಗಾಡಿ ಬದಲಾಯಿಸುವ ಕಡೆಗಳಲ್ಲಿ ನಾನು ಐದೈದು ನಿಮಿಷಗಳನ್ನು ಇಟ್ಟಿದ್ದೆ. ಜರ್ಮನಿಯ ಗಾಡಿ ಎಂದಿಗೂ ತಡವಾಗದೆಂಬುದು ನಿನ್ನ ಪಠ್ಯಪುಸ್ತಕದ ಮಾತೆಂದು ದಾದಿ ಅವೆಲ್ಲವನ್ನೂ ಅರ್ಧ ಗಂಟೆಯಾಗಿ ತಿದ್ದಿದಳು. ಕಾರ್ಲ್ಸ್‌ರೂಹೆಯಿಂದ ಬಾಸೆಲ್ಲಿಗೆ ವೇಗದ ಗಾಡಿಯಾದರೆ ಎರಡು ಗಂಟೆಗಳೊಳಗೆ ಮುಟ್ಟಿಸುವುದು. ನಮ್ಮ ಗಾಡಿಗಳಿಗೆ ಸುಮಾರು ಮೂರು ಗಂಟೆ ಹಿಡಿಯಿತು. ಆ ಹೊತ್ತಿನಲ್ಲಿ ಚಪಾತಿಯ ಡಬ್ಬಿ ಬಿಚ್ಚಿ, ಒಂದು ಕಡೆ ಕಪ್ಪು ಕಾಡಿನ ಬೆಟ್ಟಗಳನ್ನು ನೋಡುತ್ತ, ಹತ್ತನೆಯ ತರಗತಿಯ ಯಾರು ಯಾರು ಎಲ್ಲೆಲ್ಲಿದ್ದಾರೆಂದು ಎಣಿಸಿದೆವು.

ಟ್ಯೂಬಿಂಗೆನ್‌ನಲ್ಲಿ ಮಳೆ ಬರುತ್ತಿತ್ತು. ಅಲ್ಲಿನ ವಿಶ್ವವಿದ್ಯಾನಿಲಯವೇ 1896ರಲ್ಲಿ ಕಿಟ್ಟೆಲರಿಗೆ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿದ್ದು. ನೆಕ್ಕಾರ್ ನದಿಯ ಸೇತುವೆಯ ಮೇಲೆ ಒಂದೇ ಕೊಡೆಯಡಿಯಲ್ಲಿ ನಾನೂ ಹೊಲಿಗೆಯವಳೂ ನಿಂತಿದ್ದೆವು. ಅವಳು ಬಹಳ ಹೊತ್ತು ನೀರನ್ನು ನೋಡಿ, "ಪುಸ್ತಕ ಬಹಳ ಭಾರವಿತ್ತು ಕಣೇ" ಎಂದಳು.

ಕೊನೆಯ ಎರಡು ದಿನ ಟ್ರಿಯರ್. ಲಕ್ಸೆಂಬರ್ಗಿಗೆ ಹೋಗುವ ಮುಂಜಾನೆ ಅವಳು ತನ್ನ ಕೈಚೀಲದಿಂದ ಹತ್ತು ಯೂರೋ ನೋಟನ್ನು ತೆಗೆದು ಮಡಿಸಿ ಹಿಡಿದುಕೊಂಡಿದ್ದಳು. ಬೇಕಾಗಿಲ್ಲವೆಂದು ನಾವು ಮೂವರೂ ಹೇಳಿದರೂ ಕೇಳಲಿಲ್ಲ. ಗಾಡಿ ಗಡಿಯನ್ನು ದಾಟಿತು. ಯಾರೂ ಏನೂ ಕೇಳಲಿಲ್ಲ. ನಗರದಲ್ಲಿಳಿದು ಟ್ರಾಮು ಹತ್ತಿದೆವು, ಅಲ್ಲಿಯೂ ಕೇಳಲಿಲ್ಲ. ಸಾಯಂಕಾಲ ಹಿಂದಿರುಗುವಾಗ ನಿಲ್ದಾಣದಲ್ಲಿ ಸಮವಸ್ತ್ರದ ಹೆಂಗಸೊಬ್ಬಳನ್ನು ಕಂಡು, ತಾನೇ ಹೋಗಿ, ಸನ್ನೆಯಿಂದಲೂ ಮುರುಕು ಇಂಗ್ಲೀಷಿನಿಂದಲೂ ಎಷ್ಟು ಕೊಡಬೇಕೆಂದು ವಿಚಾರಿಸಿದಳು. ಆಕೆ ನಗುತ್ತ ಎರಡು ಕೈಗಳನ್ನೂ ಬಿಚ್ಚಿ ತೋರಿಸಿದಳು. ಗೆಳತಿ ನೋಟನ್ನು ನಾಲ್ಕಾಗಿ ಮಡಿಸಿ ಚೀಲದೊಳಗಿಟ್ಟು, ಗಾಡಿಯಲ್ಲಿ ಕಿಟಕಿಯ ಪಕ್ಕದ ಸ್ಥಳವನ್ನು ಹಿಡಿದಳು.