ಒಬ್ಬನದಲ್ಲದ ನೆಲ

ನಾಪೋಕ್ಲು ದಾಟಿ ಕಕ್ಕಬ್ಬೆಯ ಕಡೆ ಹೊರಟರೆ ತಡಿಯಂಡಮೋಳ್ ಒಮ್ಮೆ ಎಡಕ್ಕೆ, ಒಮ್ಮೆ ಎದುರಿಗೆ ಬಂದು ನಿಲ್ಲುತ್ತದೆ. 1,748 ಮೀಟರ್ ಎತ್ತರ, ಕೊಡಗಿನಲ್ಲಿ ಅದಕ್ಕಿಂತ ಎತ್ತರದ ಬೆಟ್ಟ ಇಲ್ಲ. ರಸ್ತೆಯ ಎರಡೂ ಬದಿ ಕಾಫಿ. ಅರೇಬಿಕಾ ಹಣ್ಣಾಗಿ ಕೆಂಪೇರಿದೆ, ರೋಬಸ್ಟಾ ಇನ್ನೂ ಹಸಿರು. ನೆರಳಿನ ಮರಗಳಿಗೆಲ್ಲ ಕರಿಮೆಣಸಿನ ಬಳ್ಳಿ. ತೋಟಗಳ ನಡುವೆ ತಗ್ಗು ಸಿಕ್ಕಲ್ಲೆಲ್ಲ ಬಂಗಾರದ ಬಣ್ಣಕ್ಕೆ ತಿರುಗಿದ ಭತ್ತದ ಗದ್ದೆ. ನಾವು ಹೋಗಿದ್ದು ಕೊಡಗಿನ ಸುಗ್ಗಿಹಬ್ಬ ಪುತ್ತರಿಯ ದಿನ.

ಐನ್‌ಮನೆ, ಅಂದರೆ ಒಂದು ಒಕ್ಕದ (ಒಂದೇ ಮೂಲಪುರುಷನ ವಂಶದವರ) ಮೂಲಮನೆ, ರಸ್ತೆಗೆ ಕಾಣುವುದಿಲ್ಲ. ಎರಡೂ ಕಡೆ ಆಳೆತ್ತರದ ಮಣ್ಣಿನ ದಿಬ್ಬವಿರುವ ಓಣಿಯಲ್ಲಿ ಬಳಸಿ ಬಳಸಿ ನಡೆಯಬೇಕು. ದಿಬ್ಬದ ಮೇಲೆ ಪಾಚಿ, ಜರಿಗಿಡ. ಇನ್ನು ಮನೆಯೇ ಇಲ್ಲವೇನೋ ಅನ್ನಿಸುವ ಹೊತ್ತಿಗೆ ಓಣಿ ಅಂಗಳಕ್ಕೆ ತೆರೆದುಕೊಂಡಿತು. ಕಲ್ಲಿನ ಮೆಟ್ಟಿಲು, ಕೆತ್ತನೆಯ ಕಂಬಗಳ ಕೈಯ್ಯಾಲೆ (ಜಗಲಿ), ಕಂಬದಿಂದ ಕಂಬಕ್ಕೆ ಹಾಸಿದ ಐಮರ. ಒಂದೇ ಹಲಗೆ ಅದು. ತಲೆಮಾರುಗಳು ಕೂತೆದ್ದು ಮೇಲ್ಮೈ ಗಾಜಿನ ಹಾಗೆ ನುಣುಪಾಗಿದೆ. ನಾನು ಅದರ ಮೇಲೆ ಸುಮ್ಮನೆ ಅಂಗೈ ಆಡಿಸಿದೆ. ಎಂಥ ಮರದ್ದಿರಬೇಕು, ಯಾವ ಕಾಡಿನಿಂದ ಎಷ್ಟು ಜನ ಹೊತ್ತು ತಂದಿರಬೇಕು! ಒಳಗೆ ನೆಲ್ಲಕ್ಕಿ ನಡುಬಾಡೆ ಎಂಬ ನಡುಮನೆಯಲ್ಲಿ ತೂಗುದೀಪ ಉರಿಯುತ್ತಿತ್ತು. ಮನೆಯ ಪಕ್ಕದಲ್ಲಿ ಕೈಮಡ, ಒಕ್ಕದ ಮೂಲಪುರುಷ ಕಾರೋಣನ ಗುಡಿ.

"ಚೆನ್ನಾಗಿ ಇಟ್ಟುಕೊಂಡಿದ್ದೀರಿ ನಿಮ್ಮ ಮನೆ" ಎಂದೆ. "ನಂದಲ್ಲ ಸಾರ್, ಒಕ್ಕದ್ದು. ನಾನು ನೋಡ್ಕೊಳ್ಳೋನು ಅಷ್ಟೆ" ಎಂದರು ಮನೆಯ ಹಿರಿಯರು. ಅವರು ಪಟ್ಟೆದಾರರು, ಅಂದರೆ ಒಕ್ಕದ ಗಂಡಸರಲ್ಲಿ ಎಲ್ಲರಿಗಿಂತ ದೊಡ್ಡವರು.

ಇದು ವಿನಯದ ಮಾತಲ್ಲ, ಕಾನೂನಿನ ಮಾತು. ಕೊಡಗಿನ ರಾಜರ ಕಾಲದಿಂದ ಬಂದ ಜಮ್ಮಾ ಹಿಡುವಳಿಯಲ್ಲಿ ಗದ್ದೆ ಸಿಕ್ಕಿದ್ದು ಒಬ್ಬ ರೈತನಿಗಲ್ಲ, ಒಂದು ಒಕ್ಕಕ್ಕೆ. ಕಂದಾಯ ಕಡಿಮೆ, ಬದಲಿಗೆ ರಾಜ ಕರೆದಾಗ ಸೇವೆಗೆ ಹೋಗಬೇಕಿತ್ತು. ಗದ್ದೆಯ ಜೊತೆಗೆ ಸೌದೆ, ಸೊಪ್ಪು, ದನದ ಮೇವಿಗೆಂದು ಎತ್ತರದ ಬಾಣೆ. ಮಾರುವಂತಿರಲಿಲ್ಲ, ಹಂಚಿಕೊಳ್ಳುವಂತಿರಲಿಲ್ಲ. ಇಂದು ಕೊಡಗಿನ ಇಂಥ ಮನೆಗಳಲ್ಲಿ ಕೋವಿಗೆ ಲೈಸೆನ್ಸ್ ಬೇಕಿಲ್ಲವಲ್ಲ, ಅದರ ಬೇರೂ ಇಲ್ಲಿದೆ. 1861ರಲ್ಲಿ ಮಾರ್ಕ್ ಕಬ್ಬನ್ ಕೊಟ್ಟ ವಿನಾಯಿತಿ ಇವತ್ತಿಗೂ ಕೊಡವರಿಗೆ ಮತ್ತು ಯಾವುದೇ ಜಾತಿಯ ಜಮ್ಮಾ ಹಿಡುವಳಿದಾರರಿಗೆ ಸಲ್ಲುತ್ತದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು.

ನೆಲಕ್ಕೂ ಕುಟುಂಬಕ್ಕೂ ಗಂಟು ಹಾಕುವ ಕ್ರಮ ಎಲ್ಲ ಕಡೆ ಒಂದೇ ಅಲ್ಲ. 1860ರ ದಶಕದ ಕೊನೆಯಲ್ಲಿ ಸ್ವೀಡನ್ನಿಗೆ ಬರ ಬಡಿದಾಗ ಕಲ್ಲುಭೂಮಿಯ ರೈತರು ಸಂಸಾರ ಕಟ್ಟಿಕೊಂಡು ಹಡಗು ಹತ್ತಿ ಅಮೆರಿಕದ ಮಿನೆಸೋಟದಂಥ ಸೀಮೆಗಳಿಗೆ ಹೋದರು. ಅಲ್ಲಿ 1862ರ ಹೋಮ್‌ಸ್ಟೆಡ್ ಕಾಯ್ದೆ ಇತ್ತು. ಐದು ವರ್ಷ ನೆಲೆಸಿ ಉತ್ತವನಿಗೆ 160 ಎಕರೆ, ಅವನದೇ ಹೆಸರಿಗೆ. ಆ ನೆಲದಲ್ಲಿ ಮೊದಲೇ ಇದ್ದ ಮೂಲನಿವಾಸಿಗಳ ಗತಿ ಏನಾಯಿತೆಂಬುದು ಬೇರೆಯೇ ಕಥೆ. ಇಂದು ಮಿನೆಸೋಟದಲ್ಲಿ ಒಂದೇ ಕುಟುಂಬದ ಕೈಯಲ್ಲಿ ನೂರು ವರ್ಷ ಉಳಿದ ಜಮೀನನ್ನು 'ಸೆಂಚುರಿ ಫಾರ್ಮ್' ಎಂದು ಕರೆದು ಗೌರವಿಸುತ್ತಾರೆ. ಆ ಲೆಕ್ಕ ಹಿಡಿದರೆ ಕೊಡಗಿನಲ್ಲಿ ಓಣಿಗೊಂದು ಸನ್ಮಾನ ಮಾಡಬೇಕಾದೀತು!

ಮಧ್ಯಾಹ್ನ ಕಣಕ್ಕೆ ಹೋದೆವು. ಕುಯ್ದ ಕಾಫಿಹಣ್ಣನ್ನು ತೆಳ್ಳಗೆ ಹರಡಿದ್ದರು. ಕೆಂಪು ಕಪ್ಪಾಗುತ್ತ, ಸಿಪ್ಪೆ ಸುಕ್ಕುಗಟ್ಟುತ್ತ ಹೋಗುವ ಒಂದೊಂದು ದಿನದ ಬಣ್ಣವೂ ಪಟ್ಟಿ ಪಟ್ಟಿಯಾಗಿ ಕಾಣುತ್ತಿತ್ತು. ಒಣಗಿತೋ ಇಲ್ಲವೋ ತಿಳಿಯಲು ಹಿರಿಯರು ಒಂದು ಹಿಡಿ ತೆಗೆದು ಕಿವಿಯ ಬಳಿ ಅಲುಗಿಸಿದರು. ಒಳಗಿನ ಬೀಜ ಗಿಲಕಿಯಂತೆ ಸದ್ದು ಮಾಡಿದರೆ ಆಯಿತು. ಆಮೇಲಿನ ಮಾತೆಲ್ಲ 'ಓಟಿ'ಯದು. 50 ಕೆಜಿ ಒಣ ಚೆರ್ರಿಯ ಚೀಲದಿಂದ ಬೀಜ 26 ಕೆಜಿ ಬರುತ್ತದೋ 28 ಬರುತ್ತದೋ ಎಂಬುದರ ಮೇಲೆ ವ್ಯಾಪಾರಿಯ ದರ. ಕೊಡಗಿನ ಯಾವ ಹಳ್ಳಿಯಲ್ಲಿ ಕೂತರೂ ಮಳೆ, ಆನೆ ಮತ್ತು ಓಟಿ, ಈ ಮೂರನ್ನು ಬಿಟ್ಟು ಮಾತು ಮುಂದೆ ಹೋಗುವುದಿಲ್ಲ.

ಕಾಫಿ ಇಲ್ಲಿಗೆ ಹಳೆಯದೇನಲ್ಲ. ಮಡಿಕೇರಿಯಲ್ಲಿ ಫೌಲರ್ ಎಂಬ ಯುರೋಪಿಯನ್ ತೋಟ ತೆರೆದದ್ದು 1854ರಲ್ಲಿ. ಅದಕ್ಕೂ ಮೊದಲೇ ಮಾಪಿಳ್ಳೆ ರೈತರು ನಾಲ್ಕುನಾಡಿನ ಕಡೆ ಅಷ್ಟಿಷ್ಟು ಬೆಳೆಯುತ್ತಿದ್ದರು. ಆಮೇಲೆ ಬಾಣೆಗಳೆಲ್ಲ ತೋಟವಾದವು. ಇವತ್ತು ದೇಶದ ಕಾಫಿಯಲ್ಲಿ ಮೂರನೇ ಒಂದು ಪಾಲಿನಷ್ಟು ಈ ಪುಟ್ಟ ಜಿಲ್ಲೆಯದು. ಆ ಕಾಫಿ ಕುಯ್ಯುವ ಕೈಗಳು ಮಾತ್ರ ಐನ್‌ಮನೆಯವರದಲ್ಲ. ಲೈನ್ ಮನೆಗಳ ಯರವರು, ಕುರುಬರು, ಈಚೆಗೆ ಅಸ್ಸಾಮಿನಿಂದ ಬಂದವರು. ಅವರ ಹೆಸರಿಗೆ ಗದ್ದೆಯೂ ಇಲ್ಲ, ಬಾಣೆಯೂ ಇಲ್ಲ. ಒಕ್ಕದ ಹೊಗಳಿಕೆಯಲ್ಲಿ ಇದನ್ನು ಮರೆಯಬಾರದು.

ಸಂಜೆಯಾಯಿತು. ಭತ್ತ ಕುಯ್ಯುವ ಮುಹೂರ್ತ ಗೊತ್ತಾಗುವುದು ಕಕ್ಕಬ್ಬೆ ಬಳಿಯ ಪಾಡಿ ಇಗ್ಗುತಪ್ಪನ ಸನ್ನಿಧಿಯಲ್ಲಿ. ಬೆಂಗಳೂರಿನಿಂದ, ಮೈಸೂರಿನಿಂದ ಒಕ್ಕದವರೆಲ್ಲ ಬಂದು ಸೇರಿದ್ದರು. ಕುಪ್ಯಚೇಲೆ ತೊಟ್ಟ ಹುಡುಗರ ಜೇಬಿನಲ್ಲಿ ಮೊಬೈಲು. ಐದು ಬಗೆಯ ಎಲೆಗಳನ್ನು ಸೇರಿಸಿ ನೆರೆ ಕಟ್ಟಿ, ದೀಪ ಹಿಡಿದು ಗದ್ದೆಗೆ ಇಳಿದೆವು. ಹುಣ್ಣಿಮೆಯ ಬೆಳಕಿನಲ್ಲಿ ತೆನೆಯ ಮೇಲಿನ ಇಬ್ಬನಿ ಕೂಡ ಕಾಣುತ್ತಿತ್ತು. ಕೋವಿ ಸಿಡಿಯಿತು. ಅದರ ಸದ್ದು ಅಡಗುವ ಮೊದಲೇ ಕಣಿವೆಯ ಆಚೆಯಿಂದ ಇನ್ನೊಂದು, ಬೆಟ್ಟದ ಮೇಲಿನಿಂದ ಮತ್ತೊಂದು. ಇಡೀ ನಾಡು ಒಂದೇ ಗಳಿಗೆಯಲ್ಲಿ ಕುಡುಗೋಲು ಹಾಕುತ್ತಿದೆ! "ಪೊಲಿ ಪೊಲಿ ದೇವಾ" ಎಂದು ಕೂಗುತ್ತ ಕದಿರು ಹೊತ್ತು ಮನೆಗೆ ಬಂದರು. ಬಾಗಿಲಿಗೆ, ಕಂಬಕ್ಕೆ, ಕೊನೆಗೆ ಅಂಗಳದ ಜೀಪಿಗೂ ಒಂದೊಂದು ತೆನೆ ಕಟ್ಟಿದರು. ಮನೆಯಾಕೆ ಬಾಳೆಹಣ್ಣು, ಹುರಿದ ಅಕ್ಕಿಹಿಟ್ಟು ಕಲಸಿದ ತಂಬುಟ್ಟನ್ನು ತುಪ್ಪ ಎರೆದು ಬಡಿಸಿದರು. ನಾನು ಎರಡನೇ ಸಲ ಕೈಯೊಡ್ಡಿದೆ.

ಊಟದ ನಂತರದ ಮಾತು ಅಷ್ಟು ಸಿಹಿಯಾಗಿರಲಿಲ್ಲ. ಭತ್ತ ಲಾಭದ ಬೆಳೆಯಲ್ಲ. ನಾಟಿಗೆ ಆಳಿಲ್ಲ, ಬೆಳೆದದ್ದನ್ನು ಆನೆ ಉಳಿಸುವುದಿಲ್ಲ. ಒಂದೊಂದಾಗಿ ಗದ್ದೆ ಪಾಳು ಬೀಳುತ್ತಿದೆ. ಪುತ್ತರಿಯ ಕದಿರಿಗೆ ಪಕ್ಕದವರ ಗದ್ದೆಗೆ ಹೋಗುವ ಮನೆಗಳೂ ಇವೆ. ಪಹಣಿ ಪಟ್ಟೆದಾರನ ಹೆಸರಿನಲ್ಲಿದ್ದರೆ ಉಳಿದವರಿಗೆ ಬ್ಯಾಂಕಿನ ಸಾಲ ಕಷ್ಟ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡವೇ ಜಾರಿದ ಮೇಲೆ ಮಳೆಯ ಭಯ ಬೇರೆ. ಹಾಗೆಂದು ಒಕ್ಕ ಕರಗಿಹೋಯಿತು ಎನ್ನಲೂ ಆಗದು. 1997ರಲ್ಲಿ ಕರಡದಲ್ಲಿ ಶುರುವಾದ ಕುಟುಂಬಗಳ ಹಾಕಿ ಹಬ್ಬಕ್ಕೆ 2024ರಲ್ಲಿ ಇದೇ ನಾಪೋಕ್ಲಿನಲ್ಲಿ 360 ತಂಡ ಬಂದವು. ಒಂದೊಂದು ಒಕ್ಕಕ್ಕೆ ಒಂದೊಂದು ತಂಡ. ಆದರೆ ಹಾಕಿ ಸ್ಟಿಕ್ಕಿನಿಂದ ಗದ್ದೆ ಉಳುವುದಕ್ಕಾಗುವುದಿಲ್ಲವಲ್ಲ.

ಕೊಡಗಿಗೆ ಹೋಗುವವರು ಅಬ್ಬಿ, ರಾಜಾಸೀಟು ನೋಡಿ ಹಿಂದಿರುಗುತ್ತಾರೆ. ಸಾಧ್ಯವಾದರೆ ಪುತ್ತರಿಯ ವಾರದಲ್ಲಿ ಹೋಗಿ, ಪರಿಚಯದವರ ಮೂಲಕ ಕೇಳಿ ಒಂದು ಐನ್‌ಮನೆ ಕಾಣಿ. ಅವು ಹೋಂಸ್ಟೇಗಳಲ್ಲ, ಹೇಳದೆ ಓಣಿ ಹೊಗಬೇಡಿ. ಬರುವಾಗ ಕಾಫಿಪುಡಿಯ ಜೊತೆ ಅಲ್ಲಿನ ಗದ್ದೆಯ ಅಕ್ಕಿ ಸಿಕ್ಕರೆ ಅದನ್ನೂ ಕೊಂಡು ಬನ್ನಿ.