ಸಣ್ಣ ವೈನರಿಯ ದೊಡ್ಡ ಪಾಠ

ಬಸದಿಗಳ ಊರಾದ ಮೂಡುಬಿದಿರೆಯ ವಿಜ್ಞಾನದ ಮಾಸ್ಟ್ರು ವೈನರಿ ನೋಡಲು ಹೊರಟರೆ ಹುಬ್ಬೇರಿಸುವವರೇ ಹೆಚ್ಚು. ಕುಡಿತದಿಂದ ಮನೆ ಹಾಳಾದ ಮಕ್ಕಳು ನಮ್ಮ ತರಗತಿಗಳಲ್ಲೇ ಇರುವಾಗ ಆ ಹುಬ್ಬಿಗೂ ಅರ್ಥವಿದೆ. ಆದ್ದರಿಂದಲೇ ಎಂಥ ವೈನರಿಗೆ ಹೋಗುತ್ತೇವೆ ಎಂಬುದು ಮುಖ್ಯ.

ನಂದಿಬೆಟ್ಟದ ತಪ್ಪಲಿನ ಗ್ರೋವರ್ ಹೆಸರು ಅನೇಕರಿಗೆ ಗೊತ್ತು. 2007ರ ವೈನ್ ನೀತಿಯ ಬಳಿಕ ರಾಜ್ಯದಲ್ಲಿ ಸಣ್ಣ ವೈನರಿಗಳೂ ಬಂದವು. ನನ್ನ ಆಯ್ಕೆ ಅಂಥವೇ. ಮೊದಲೇ ಫೋನು ಮಾಡಿ ಮೂರು ಪ್ರಶ್ನೆ ಕೇಳುತ್ತೇನೆ: ದ್ರಾಕ್ಷಿ ನಿಮ್ಮದೇ ತೋಟದ್ದೋ? ವೈನ್ ಮಾಡುವವರೇ ತೋರಿಸುತ್ತಾರೋ? ಕೊಯ್ಲು ಯಾವಾಗ? ಸಾಮಾನ್ಯವಾಗಿ ಅದು ಫೆಬ್ರವರಿ, ಮಾರ್ಚ್‌ನಲ್ಲಿ. ದಿನಕ್ಕೆ ಒಂದು, ಹೆಚ್ಚೆಂದರೆ ಎರಡು ವೈನರಿ ಸಾಕು.

ತೊಟ್ಟಿಯ ಪಕ್ಕ ನಿಂತರೆ ಕರಿಹಲಗೆಯ ಸಮೀಕರಣ ಬುಸುಗುಡುತ್ತದೆ. ಯೀಸ್ಟ್ ಸಕ್ಕರೆಯನ್ನು ಆಲ್ಕೊಹಾಲ್ ಆಗಿಸುವಾಗ ಏಳುವ ಇಂಗಾಲದ ಡೈಆಕ್ಸೈಡ್ ಗುಳ್ಳೆಗಳು ಸಿಪ್ಪೆಗಳನ್ನು ಮೇಲಕ್ಕೆ ತಳ್ಳುತ್ತವೆ. ಹೆಚ್ಚಿನ ಕಪ್ಪು ದ್ರಾಕ್ಷಿಗಳ ರಸಕ್ಕೆ ಬಣ್ಣ ಕಡಿಮೆ. ವೈನಿನ ಕೆಂಪು ಸಿಪ್ಪೆಯದು. ಆ ಸಿಪ್ಪೆಯನ್ನು ದಿನಕ್ಕೆ ಎಷ್ಟು ಸಲ ಒತ್ತಿ ಮುಳುಗಿಸಬೇಕು, ತೊಟ್ಟಿ ಬಿಸಿಯೇರಿದರೆ ಏನು ಗತಿ? ಇದನ್ನು ಕೈಯಾರೆ ಮಾಡಿದವರ ಬಾಯಿಂದಲೇ ಕೇಳಬೇಕು. ಸಣ್ಣ ಜಾಗದಲ್ಲಿ ಅವರಿಗೆ ಹೇಳಲು ಪುರುಸೊತ್ತಿರುತ್ತದೆ.

ರುಚಿ ನೋಡಿ ಉಗುಳಿದರೆ ಅಮರ್ಯಾದೆಯಲ್ಲ, ವೈನ್ ಪರೀಕ್ಷಿಸುವವರ ಪದ್ಧತಿಯೇ ಅದು. ಕಾರು ಬಿಡುವವರು ಮಾತ್ರ ಅಷ್ಟನ್ನೂ ಮುಟ್ಟದಿರಲಿ.